ದೃಷ್ಟಿ ಬಿದ್ದು ಬದುಕಿದ ಮಕ್ಕಳು

ಹಸುಗೂಸನ್ನು ಕಂಡಕಂಡವರ ಕಣ್ಣಿಗೆ ಬೀಳದ ಹಾಗೆ ಕಾಪಾಡೋದು ನಮ್ಮ ಕಡೆಯ ಪದ್ಧತಿ. ಕೆನ್ನೆಗೆ ಕಪ್ಪು ಬೊಟ್ಟು, ಸಂಜೆ ದೃಷ್ಟಿ ನಿವಾಳಿಸೋದು, ಎಲ್ಲ ಅದಕ್ಕೇ. ಆದರೆ ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಸಾವಿರಾರು ಕೂಸುಗಳು ಬದುಕಿದ್ದೇ ಜನರ ಕಣ್ಣಿಗೆ ಬಿದ್ದು. ಅದೂ ಟಿಕೆಟ್ ಕೊಂಡು ನೋಡಲು ಬಂದವರ ಕಣ್ಣಿಗೆ.

ನ್ಯೂಯಾರ್ಕಿನ ಕೋನಿ ಐಲೆಂಡ್ ಆಗ ವರ್ಷವರ್ಷ ನಡೆಯೋ ದೊಡ್ಡ ಜಾತ್ರೆಯಂತಿತ್ತು. ಸಮುದ್ರದ ದಂಡೆ, ರೋಲರ್ ಕೋಸ್ಟರ್, ರಾತ್ರಿಯಿಡೀ ಮಿನುಗೋ ವಿದ್ಯುದ್ದೀಪಗಳು. ಅಲ್ಲಿನ ಲೂನಾ ಪಾರ್ಕಿನಲ್ಲಿ 1903ರಿಂದ ಮಾರ್ಟಿನ್ ಕೂನಿ ಎಂಬಾತ ಒಂದು ಪ್ರದರ್ಶನ ನಡೆಸುತ್ತಿದ್ದ. ಗಾಜಿನ ಬಾಗಿಲಿನ ಇನ್‌ಕ್ಯುಬೇಟರುಗಳಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು. ಬಾಗಿಲಲ್ಲಿ ಕೂಗಿ ಕರೆಯುವವರು. 25 ಸೆಂಟ್ ಟಿಕೆಟ್. ಒಳಗೆ ನರ್ಸ್ ಒಬ್ಬಾಕೆ ತನ್ನ ಉಂಗುರವನ್ನು ಮಗುವಿನ ಮುಂಗೈಗೆ ಬಳೆಯಂತೆ ತೊಡಿಸಿ ತೋರಿಸುತ್ತಿದ್ದಳು.

ಛೇ ಅನ್ನಿಸುತ್ತೆ ಅಲ್ವಾ? ಆಗಲೂ ಅನ್ನಿಸಿತ್ತು, ಮಕ್ಕಳ ರಕ್ಷಣೆಯ ಸಂಘದವರು ವಿರೋಧಿಸಿದ್ದರು. ಆದರೆ ಅಂದಿನ ಬಹುತೇಕ ಆಸ್ಪತ್ರೆಗಳಲ್ಲಿ ಇನ್‌ಕ್ಯುಬೇಟರೇ ಇರಲಿಲ್ಲ. ‘ಉಳಿಯೋ ಮಗು ಅಲ್ಲ’ ಅಂತ ಕೈಚೆಲ್ಲುತ್ತಿದ್ದರು. ಕೂನಿ ತಂದೆತಾಯಿಯಿಂದ ಒಂದು ಕಾಸೂ ತಗೊಳ್ಳಲಿಲ್ಲ, ಖರ್ಚೆಲ್ಲ ಟಿಕೆಟ್ಟಿನದು. ಆತನ ವೈದ್ಯ ಪದವಿಗೆ ದಾಖಲೆ ಸಿಕ್ಕಿಲ್ಲ. ಆದರೂ ಸುಮಾರು 8,000 ಮಕ್ಕಳಲ್ಲಿ 6,500 ಮಂದಿ ಉಳಿದರು ಅನ್ನೋದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬದುಕಿದ ಕೆಲವರು ದೊಡ್ಡವರಾದ ಮೇಲೆ ಅವನನ್ನು ನೋಡಲು ಬಂದಿದ್ದರು.

ಮನುಷ್ಯರನ್ನು ಬರೀ ಸಾಧನವಾಗಿ ಬಳಸಬೇಡಿ ಅಂದವನು ಕಾಂಟ್. ಆ ‘ಬರೀ’ ಅನ್ನೋ ಪದ ಮುಖ್ಯ. ಕೂನಿಯ ಕೈಯಲ್ಲಿ ಮಗು ಪ್ರದರ್ಶನದ ವಸ್ತುವೂ ಆಗಿತ್ತು, ಆ ಪ್ರದರ್ಶನದ ಉದ್ದೇಶವೂ ಆಗಿತ್ತು. ಹಾಗಾಗಿ ನನ್ನ ಪ್ರಶ್ನೆ ಅವನಿಗಲ್ಲ, ಟಿಕೆಟ್ ಕೊಂಡವರಿಗೆ. ಮಗು ಉಳಿಸಲು ಬೇಕಾದ ದುಡ್ಡು ಊರಲ್ಲಿ ಇತ್ತು. ತಮಾಷೆ ಅಂತ ಕರೆದಾಗ ಮಾತ್ರ ಅದು ಜೇಬಿನಿಂದ ಹೊರಬಂತು, ಯಾಕೆ?

ಇದು ಹಳೇ ಕಥೆ ಅಂದ್ಕೋಬೇಡಿ, ಫೋನ್ ತೆಗೀರಿ. ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೋ, ಪಕ್ಕದಲ್ಲಿ ಅಳುವ ಅಮ್ಮ. ಮನಸ್ಸು ಕರಗಿ 500 ರೂಪಾಯಿ ಕಳಿಸಿ ಮುಂದಿನ ರೀಲ್‌ಗೆ ಹೋಗ್ತೀವಿ. ಕೊಡೋದು ತಪ್ಪಲ್ಲ, ಖಂಡಿತ ಕೊಡಿ. ಆ ತಾಯಿಯನ್ನು ಪ್ರಶ್ನಿಸೋ ಹಕ್ಕೂ ನಮಗಿಲ್ಲ. ಆದರೆ ಫೋಟೋದಲ್ಲಿ ಮುದ್ದಾಗಿ ಕಾಣದ ಮಗುವಿನ ಗತಿಯೇನು? ತನ್ನ ಕಷ್ಟವನ್ನು ಕಥೆಯಾಗಿ ಹೇಳೋಕೆ ಬಾರದ ಅಪ್ಪನದು? ಕಣ್ಣಿಗೆ ಬಿದ್ದವರಿಗಷ್ಟೇ ಕರುಣೆ ಸಿಗೋದಾದರೆ ಇವರ ಸರದಿ ಬರೋದೇ ಇಲ್ಲ.

1943ರಲ್ಲಿ ಕೂನಿ ಕೋನಿ ಐಲೆಂಡಿನ ಪ್ರದರ್ಶನ ನಿಲ್ಲಿಸಿದ. ಜನರ ಕುತೂಹಲ ತೀರಿತ್ತು. ಅಷ್ಟರಲ್ಲಿ ಆಸ್ಪತ್ರೆಗಳೂ ಈ ಕೆಲಸ ಕೈಗೆತ್ತಿಕೊಂಡಿದ್ದವು. ಎರಡನೆಯದು ಆಗದೇ ಇದ್ದಿದ್ದರೆ? ಜನಕ್ಕೆ ಬೇಜಾರು ಬಂದ ದಿನವೇ ಆ ಮಕ್ಕಳ ಆಯುಷ್ಯವೂ ಮುಗೀತಿತ್ತು.

ಫೋಟೋ ನೋಡಿ ದುಡ್ಡು ಕಳಿಸಿದರೆ ಮನಸ್ಸು ತಕ್ಷಣ ಹಗುರಾಗುತ್ತೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ಏನು ವ್ಯವಸ್ಥೆ ಇದೆ ಅಂತ ವಿಚಾರಿಸೋದು, ಇಲ್ಲದಿದ್ದರೆ ಬೆನ್ನುಬಿಡದೆ ಕೇಳೋದು ಬೋರ್ ಹೊಡೆಸೋ ಕೆಲಸ. ನಾವು ಯಾವತ್ತೂ ಮುಖ ನೋಡದ ಮಗು ಬದುಕೋದು ಮಾತ್ರ ಆ ಬೋರಿಂಗ್ ಕೆಲಸದಿಂದಲೇ.