ನೆಲೆಸಿದವರ ಹಕ್ಕು

ಪರದೇಶದಲ್ಲಿ ಕಾನೂನಿನ ಪ್ರಕಾರವೇ ಹತ್ತಾರು ವರ್ಷ ಬಾಳಿದವರಿಗೆ ಅಲ್ಲಿಯೇ ಉಳಿಯುವ ಹಕ್ಕು ತಾನಾಗಿ ಹುಟ್ಟುತ್ತದೆಯೇ, ಇಲ್ಲ ಅದು ಕೊನೆಯವರೆಗೂ ಆ ದೇಶದ ಕೃಪೆಯೇ? ದೀರ್ಘಾವಧಿ ವೀಸಾ, ಗ್ರೀನ್ ಕಾರ್ಡ್, ಗೋಲ್ಡನ್ ವೀಸಾಗಳ ನಿಯಮಾವಳಿಗಳೆಲ್ಲ ಈ ಪ್ರಶ್ನೆಗೆ ಆಯಾ ಸರ್ಕಾರಗಳು ಕಂಡುಕೊಂಡ ಉತ್ತರಗಳು. ಪ್ರಶ್ನೆ ಮಾತ್ರ ಪಾಸ್‌ಪೋರ್ಟಿಗಿಂತ ಬಹಳ ಹಳೆಯದು.

ಧರ್ಮಗ್ರಂಥಗಳು ಬಂದವರನ್ನು ಸತ್ಕರಿಸುವ ಬಗ್ಗೆ ಧಾರಾಳವಾಗಿ ಮಾತನಾಡುತ್ತವೆ. ಬಂದವರು ಹೋಗದೆ ಉಳಿದರೆ ಏನು ಮಾಡಬೇಕೆಂಬ ಬಗ್ಗೆ ಹೇಳುವುದು ಕಡಿಮೆ. ಮನುಸ್ಮೃತಿಯ ಪ್ರಕಾರ ಅತಿಥಿ ಎಂದರೆ ಒಂದು ರಾತ್ರಿ ತಂಗುವವನು. ಯೆಹೂದಿಗಳ ತೋರಾ ಇನ್ನೂ ಮುಂದೆ ಹೋಗಿ, ನಿಮ್ಮ ನಡುವೆ ನೆಲೆಸಿದ ಪರದೇಶಿಯನ್ನು ಸ್ವದೇಶಿಯಂತೆಯೇ ಕಾಣಿರಿ ಎಂದು ವಿಧಿಸುತ್ತದೆ. ಈಜಿಪ್ಟಿನಲ್ಲಿ ನೀವೂ ಪರದೇಶಿಗಳಾಗಿದ್ದಿರಿ ಎಂಬುದು ಅದು ಕೊಡುವ ಕಾರಣ. ಇಸ್ಲಾಮಿನ ಹನಫಿ ನ್ಯಾಯಶಾಸ್ತ್ರ ಗಡುವನ್ನೇ ಹಾಕಿತ್ತು. ಅಮಾನ್ ಎಂಬ ಅಭಯ ಪಡೆದು ಬಂದ ಅನ್ಯದೇಶೀಯ ವರ್ಷಕ್ಕಿಂತ ಹೆಚ್ಚು ಉಳಿದರೆ ಅವನು ಜಿಝಿಯಾ ತೆರಿಗೆ ತೆರುವ ಕಾಯಂ ನಿವಾಸಿಯಾಗುತ್ತಿದ್ದ. ಸಮಾನತೆ ಸಿಗುತ್ತಿರಲಿಲ್ಲ, ಆದರೆ ಕಾಲಕ್ಕೆ ಬೆಲೆ ಇತ್ತು.

ಈ ಪ್ರಶ್ನೆಯ ಕಟುತನ ಎದ್ದು ಕಾಣುವುದು ಪ್ರಾಚೀನ ಅಥೆನ್ಸಿನಲ್ಲಿ. ಅಲ್ಲಿ ನೆಲೆಸಿದ ಹೊರಗಿನವರನ್ನು ಮೆಟಿಕ್ ಎನ್ನುತ್ತಿದ್ದರು. ಗಂಡಸಿಗೆ ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ, ಸ್ವತಂತ್ರವಾಗಿ ಬದುಕುವ ಹೆಂಗಸಿಗೆ 6. ಯುದ್ಧ ಬಂದರೆ ಸೈನ್ಯಕ್ಕೆ ಸೇರಬೇಕಿತ್ತು. ಜಮೀನನ್ನಾಗಲಿ ಮನೆಯನ್ನಾಗಲಿ ಕೊಳ್ಳುವಂತಿರಲಿಲ್ಲ, ಸಭೆಯಲ್ಲಿ ಮತವಿರಲಿಲ್ಲ. ಜಾಮೀನಿಗೆ ಅಥೆನ್ಸಿನ ಪೌರನೊಬ್ಬ ಬೇಕೇ ಬೇಕಿತ್ತು. ಕೊಲ್ಲಿ ದೇಶಗಳ ಕಫೀಲ್ (ಜಾಮೀನುದಾರ) ಪದ್ಧತಿ ಬಲ್ಲ ಕರಾವಳಿಯವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿರಾಕ್ಯೂಸ್ ಮೂಲದ ಕೆಫಾಲಸ್ ಇಂಥ ಒಬ್ಬ ಮೆಟಿಕ್. ಅಥೆನ್ಸಿನ ನಾಯಕ ಪೆರಿಕ್ಲೀಸನ ಮಾತಿಗೆ ಒಪ್ಪಿ ಬಂದ ಅವನು 30 ವರ್ಷ ಅಲ್ಲೇ ಬಾಳಿದ. ಗುರಾಣಿ ತಯಾರಿಸುವ ಕಾರ್ಖಾನೆ ಕಟ್ಟಿದ ಕುಟುಂಬ ಅದು. ಪ್ಲೇಟೋ ತನ್ನ 'ರಿಪಬ್ಲಿಕ್' ಸಂವಾದವನ್ನು ಆರಂಭಿಸುವುದು ಪೈರೀಯಸ್ ಬಂದರಿನಲ್ಲಿದ್ದ ಇವರ ಮನೆಯಲ್ಲೇ. ನ್ಯಾಯವೆಂದರೇನು ಎಂಬ ಪಾಶ್ಚಾತ್ಯ ತತ್ತ್ವಶಾಸ್ತ್ರದ ಅತಿ ಪ್ರಸಿದ್ಧ ಚರ್ಚೆ ಮತದ ಹಕ್ಕಿಲ್ಲದವರ ಜಗಲಿಯಲ್ಲಿ ನಡೆಯಿತೆಂಬುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕ್ರಿ.ಪೂ. 404ರಲ್ಲಿ ಅಥೆನ್ಸಿನ ಅಧಿಕಾರ ಹಿಡಿದ ಮೂವತ್ತು ಮಂದಿ ನಿರಂಕುಶರು ಬೊಕ್ಕಸ ತುಂಬಲು ಸಿರಿವಂತ ಮೆಟಿಕ್‌ಗಳ ಮೇಲೆ ಬಿದ್ದರು. ಕೆಫಾಲಸನ ಹಿರಿಯ ಮಗ ಪೊಲೆಮಾರ್ಕಸನಿಗೆ ವಿಚಾರಣೆಯಿಲ್ಲದೆ ವಿಷ ಕುಡಿಸಿದರು; ಅವನ ಹೆಂಡತಿಯ ಕಿವಿಯಲ್ಲಿದ್ದ ಚಿನ್ನದ ಓಲೆಗಳನ್ನೂ ಕಿತ್ತುಕೊಂಡರು. ತಪ್ಪಿಸಿಕೊಂಡ ತಮ್ಮ ಲಿಸಿಯಾಸ್ ಅವರ ವಿರುದ್ಧ ಹೋರಾಡುತ್ತಿದ್ದ ಪ್ರಜಾಪ್ರಭುತ್ವವಾದಿಗಳಿಗೆ ಹಣ, ಗುರಾಣಿ, ಆಳುಗಳನ್ನು ಒದಗಿಸಿದ. ಗೆದ್ದ ಮೇಲೆ ಅವನಿಗೆ ಪೌರತ್ವ ಕೊಡುವ ಠರಾವು ಪಾಸಾಯಿತು, ಕ್ರಮ ತಪ್ಪಿದೆಯೆಂದು ರದ್ದೂ ಆಯಿತು. ಅವನು ಪೌರನಾಗದೆಯೇ ಸತ್ತ.

ವಾಸವೊಂದೇ ಮನುಷ್ಯನನ್ನು ಪೌರನನ್ನಾಗಿ ಮಾಡದು ಎಂದು 'ಪಾಲಿಟಿಕ್ಸ್' ಗ್ರಂಥದಲ್ಲಿ ವಾದಿಸಿದ ಅರಿಸ್ಟಾಟಲ್ ಸ್ವತಃ ಮೆಟಿಕ್. ರಾಜಕೀಯ ಚಿಂತಕ ಮೈಕಲ್ ವಾಲ್ಜರ್ 1983ರ ತಮ್ಮ 'ಸ್ಫಿಯರ್ಸ್ ಆಫ್ ಜಸ್ಟಿಸ್' ಕೃತಿಯಲ್ಲಿ ಈ ಮೆಟಿಕ್‌ಗಳನ್ನೂ ಯುದ್ಧೋತ್ತರ ಯುರೋಪಿನ ಅತಿಥಿ ಕಾರ್ಮಿಕರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸಲು ದೇಶಕ್ಕೆ ಅಧಿಕಾರವಿದೆ. ಒಳಗೆ ಬಿಟ್ಟು, ದುಡಿಸಿಕೊಂಡು, ಪೌರತ್ವದ ದಾರಿಯನ್ನು ಶಾಶ್ವತವಾಗಿ ಮುಚ್ಚಿಡಲು ಇಲ್ಲ, ಹಾಗೆ ಮಾಡಿದರೆ ಅದು ದಬ್ಬಾಳಿಕೆ ಎಂಬುದು ಅವರ ನಿಲುವು. ಇಮ್ಯಾನುಯೆಲ್ ಕಾಂಟ್ ಅಷ್ಟು ದೂರ ಹೋಗಿರಲಿಲ್ಲ. ಭೂಮಿ ದುಂಡಗಿದೆ, ಮಿತಿಯುಳ್ಳದ್ದು, ಆದ್ದರಿಂದ ಎಲ್ಲರಿಗೂ ಎಲ್ಲೆಡೆ ಹೋಗಿ ಬರುವ ಹಕ್ಕಿದೆ. ಉಳಿಯಬೇಕಾದರೆ ಬೇರೆ ಒಪ್ಪಂದ ಬೇಕು ಎಂದು ಅವನು 1795ರಲ್ಲಿ ಬರೆದ. ವಸಾಹತುಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದ ಈ ಗೆರೆ ಇಂದು ಕೂಲಿಕಾರರಿಗೆ ಅಡ್ಡ ಬರುತ್ತಿರುವುದು ವಿಪರ್ಯಾಸ. ಇನ್ನೊಬ್ಬ ರಾಜಕೀಯ ಚಿಂತಕ ಜೋಸೆಫ್ ಕ್ಯಾರೆನ್ಸ್ 2013ರಲ್ಲಿ ಇದಕ್ಕೆ ಉತ್ತರವೆನ್ನಬಹುದಾದ ವಾದ ಮುಂದಿಟ್ಟರು: ನೆರೆಹೊರೆ, ಕೆಲಸ, ಮಕ್ಕಳ ಶಾಲೆ, ಸ್ನೇಹ ಇವೇ ಸದಸ್ಯತ್ವ, ಕಾಗದಪತ್ರ ಅದನ್ನು ಗುರುತಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಈ ವಾದಕ್ಕೆ ಗಟ್ಟಿಯಾದ ಪರೀಕ್ಷೆ ಕೊಲ್ಲಿ ದೇಶಗಳು. 1970ರ ದಶಕದ ತೈಲ ಸಮೃದ್ಧಿಯ ನಂತರ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋದವರಲ್ಲಿ ಇಡೀ ದುಡಿಮೆಯ ಬದುಕನ್ನು ಅಲ್ಲೇ ಕಳೆದವರಿದ್ದಾರೆ. ಕೆಲಸ ಮುಗಿದರೆ ವೀಸಾ ಕ್ಯಾನ್ಸಲ್. ದುಬೈಯಲ್ಲೇ ಹುಟ್ಟಿ, ಅಲ್ಲಿನ ಸಿಬಿಎಸ್‌ಇ ಶಾಲೆಯಲ್ಲೇ ಓದಿದ ಹುಡುಗನೂ ಅಪ್ಪನ ವೀಸಾದ ನೆರಳಿನಲ್ಲೇ ಇರುತ್ತಾನೆ. ಗಂಡುಮಕ್ಕಳಿಗೆ ಆ ನೆರಳು 25ರ ವಯಸ್ಸಿಗೆ ಸರಿಯುತ್ತದೆ. ಯುಎಇ 2019ರಲ್ಲಿ ತಂದ ಗೋಲ್ಡನ್ ವೀಸಾ ಜಾಮೀನುದಾರನಿಲ್ಲದೆ 10 ವರ್ಷ ಇರಲು ಬಿಡುತ್ತದೆ. ಆದರೆ ಅದು ನೋಡುವುದು 20 ಲಕ್ಷ ದಿರ್ಹಮ್‌ನ ಆಸ್ತಿಯನ್ನು ಅಥವಾ ವಿಶೇಷ ಪ್ರತಿಭೆಯನ್ನು, ಕಳೆದ ವರ್ಷಗಳನ್ನಲ್ಲ. ಅದೇ ವರ್ಷ ಸೌದಿ ಅರೇಬಿಯಾ ಕಾಯಂ ವಾಸಕ್ಕೆ 8 ಲಕ್ಷ ರಿಯಾಲ್ ಬೆಲೆ ಕಟ್ಟಿತು. ವರ್ಷಗಳನ್ನು ಎಣಿಸಿದ್ದು ಕತಾರ್‌ನ 2018ರ ಕಾನೂನು: ಹೊರಗೆ ಹುಟ್ಟಿದವರಿಗೆ 20 ವರ್ಷ, ಅಲ್ಲೇ ಹುಟ್ಟಿದವರಿಗೆ 10. ಅದರಲ್ಲೂ ವರ್ಷಕ್ಕೆ ನೂರು ಮಂದಿಗಷ್ಟೇ ಅವಕಾಶ. ಹತ್ತು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದವನಿಗಿಂತ ನಿನ್ನೆ ಫ್ಲ್ಯಾಟ್ ಕೊಂಡವನು ಆ ಊರಿಗೆ ಹೆಚ್ಚು ಹತ್ತಿರದವನು ಎಂಬ ತರ್ಕವನ್ನು ಯಾವ ನೈತಿಕ ಸಿದ್ಧಾಂತದಿಂದ ಸಮರ್ಥಿಸುವುದೂ ಕಷ್ಟ.

ಆ ದೇಶಗಳ ಭಯ ಸುಳ್ಳೇನಲ್ಲ. ಯುಎಇಯ ಜನಸಂಖ್ಯೆಯಲ್ಲಿ ಸ್ವಂತ ಪೌರರು ಸುಮಾರು ಹತ್ತರಲ್ಲಿ ಒಂದು ಪಾಲು. ಎಲ್ಲರಿಗೂ ಮತ ಕೊಟ್ಟರೆ ದೇಶವೇ ಬೇರೆಯಾಗುತ್ತದೆ. ಷರತ್ತು ತಿಳಿದೇ ಬಂದರಲ್ಲ ಎಂಬ ಮಾತೂ ಇದೆ. ಇದು ಅಷ್ಟು ಬಲವಾದದ್ದಲ್ಲ: ಇಪ್ಪತ್ತೈದರ ಹರೆಯದಲ್ಲಿ ಹಾಕಿದ ಸಹಿ ಅರುವತ್ತರ ಬದುಕನ್ನು ಪೂರ್ತಿ ಕಟ್ಟಿಹಾಕಲಾರದು, ಅಲ್ಲಿ ಹುಟ್ಟಿದ ಮಗುವಂತೂ ಯಾವ ಸಹಿಯನ್ನೂ ಹಾಕಿಲ್ಲ.

ಭಾರತದ ಲೆಕ್ಕ ಇನ್ನೊಂದು ಬಗೆಯದು. ಇಲ್ಲಿ ಮುಖ್ಯವಾದದ್ದು ವಂಶ. 2005ರಿಂದ ಇರುವ ಓಸಿಐ ಕಾರ್ಡ್, ಇಲ್ಲಿ ಒಂದು ದಿನವೂ ಬಾಳದ ಭಾರತೀಯ ಮೂಲದ ಮೊಮ್ಮಕ್ಕಳಿಗೂ ಆಜೀವ ವೀಸಾ ಕೊಡುತ್ತದೆ. ಆದರೆ ಅವರು ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಇತ್ತ ಬೈಲಕುಪ್ಪೆಯಲ್ಲಿ ಟಿಬೆಟನ್ನರು ನೆಲೆಸತೊಡಗಿದ್ದು 1960ರ ಸುಮಾರಿಗೆ. ಅಲ್ಲಿ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರು ಪೌರರೇ ಎಂಬುದನ್ನು ನ್ಯಾಯಾಲಯ ಎತ್ತಿಹಿಡಿದಿದೆ. ಆಮೇಲೆ ಹುಟ್ಟಿ, ತಂದೆತಾಯಿಯರಲ್ಲಿ ಯಾರೂ ಭಾರತದ ಪೌರರಲ್ಲದಿದ್ದರೆ, ಸಲೀಸಾಗಿ ಕನ್ನಡ ಮಾತನಾಡುವವರೂ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಉಳಿಯುವ ಹಕ್ಕು, ಆಳ್ವಿಕೆಯಲ್ಲಿ ಪಾಲು ಪಡೆಯುವ ಹಕ್ಕು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಕೆಂದಿಲ್ಲ. ಮೊದಲನೆಯದಕ್ಕೆ ವಾಸದ ವರ್ಷಗಳು ಸಾಕು ಎನ್ನುವವರೂ ಎರಡನೆಯದಕ್ಕೆ ಭಾಷೆ, ನಿಷ್ಠೆ ಮುಂತಾದ ಷರತ್ತುಗಳನ್ನು ಒಪ್ಪಬಹುದು. ಮತ ಸಿಗದಿದ್ದರೂ ವೃದ್ಧಾಪ್ಯದಲ್ಲಿ ಮನೆ ಬಿಟ್ಟು ಹೋಗೆಂದು ಯಾರೂ ಹೇಳದಂತಿದ್ದರೆ ಸಾಕೆನ್ನುವ ವಲಸಿಗರು ಕಡಿಮೆಯೇನಿಲ್ಲ. ನ್ಯೂಜಿಲೆಂಡ್ ಈ ಎರಡು ಹಕ್ಕುಗಳ ನಡುವಿನ ಗೆರೆಯನ್ನೂ ದಾಟಿದೆ. ಒಂದು ವರ್ಷ ವಾಸವಿದ್ದ ಕಾಯಂ ನಿವಾಸಿಗಳು 1975ರಿಂದಲೂ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಉಮೇದುವಾರರಾಗಿ ನಿಲ್ಲಲು ಮಾತ್ರ ಪೌರತ್ವ ಬೇಕು.