ಕಾಯಬಲ್ಲ ಹೊಲಿಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಐದು ಹೊಲಿಗೆ ಒಟ್ಟಿಗೆ ನಡೆದಿದ್ದವು. ಮಷಿನ್ನಿನ ಮೇಲೆ ಇನ್ನೂ ತೋಳು ಕೂಡಿಸದ ಮದುವೆ ಬ್ಲೌಸುಗಳು. ಕುರ್ಚಿಯ ಬೆನ್ನಿಗೆ ಫಾಲ್ ಹಚ್ಚಬೇಕಾದ ಮೂರು ಸೀರೆ. ಮೂಲೆಯ ಗೋಣಿಚೀಲದಲ್ಲಿ ಜೀನ್ಸ್ ತುಂಡುಗಳಿಂದ ಹೊಲಿಯಲು ಹೊರಟಿದ್ದ ಸಂತೆಚೀಲಗಳು. ಸಿರುಗುಪ್ಪದಲ್ಲಿರುವ ತಂಗಿಯ ಮಗಳಿಗೆ ದಿನ ತುಂಬಿದ್ದರಿಂದ ಹುಟ್ಟುವ ಕೂಸಿಗೆಂದು ಒಂದು ಪುಟ್ಟ ಕೌದಿ. ಮತ್ತೆ ಟ್ರಂಕಿನ ಮೇಲೆ, ಮೂರು ವರ್ಷದಿಂದ ಮಡಚಿದ ಹಾಗೇ ಇದ್ದ ಕುರುಗೋಡಿನ ದೊಡ್ಡವ್ವನ ಕೌದಿ.

ಬಂದವರು ನೋಡಿ, "ಎಷ್ಟು ಕೆಲಸ ಮಾಡ್ತೀರಿ!" ಎನ್ನುತ್ತಿದ್ದರು. ನನಗೂ ಒಳಗೊಳಗೇ ಹಿಗ್ಗು. ಐದು ಅರ್ಧ ಕೆಲಸಗಳ ನಡುವೆ ಕೂತವಳು ಸೋಮಾರಿಯಂತೆ ಕಾಣುವುದಿಲ್ಲ. ಒಂದನ್ನೂ ಮುಗಿಸದೆ ಕೂತಿದ್ದಾಳೆ ಎಂಬುದೂ ಕಾಣುವುದಿಲ್ಲ.

ನಮ್ಮ ಭಾಷೆಯಲ್ಲಿ ಕೆಲಸವೆಲ್ಲ ಕೈಯ ಮೇಲೇ ನಿಂತಿದೆ. ಶುರು ಮಾಡಿದರೆ ಕೈ ಹಚ್ಚಿದೆವು, ತೊರೆದರೆ ಕೈ ಬಿಟ್ಟೆವು. ಎರಡರ ನಡುವೆ ಉಳಿದದ್ದಕ್ಕೆ "ಕೈಯಲ್ಲಿದೆ" ಎನ್ನುತ್ತೇವೆ. ದೊಡ್ಡವ್ವ ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದದ್ದು ಅದನ್ನೇ, "ಕೈಯಾಗೈತೆ ದೊಡ್ಡವ್ವಾ." ನಿಜದಲ್ಲಿ ಅದು ಇದ್ದದ್ದು ಟ್ರಂಕಿನ ಮೇಲೆ.

ಬಳ್ಳಾರಿಯಲ್ಲಿ ಹೊಲಿಗೆ ಎಂದರೆ ಈಗ ಮೊದಲು ನೆನಪಾಗುವುದು ಜೀನ್ಸ್. ಮುಂಡರಗಿಯ ಕೈಗಾರಿಕಾ ಪ್ರದೇಶದಲ್ಲಷ್ಟೇ ಅಲ್ಲ, ಊರೊಳಗಿನ ಓಣಿಗಳಲ್ಲೂ ಅದೇ ಸದ್ದು. ನಮ್ಮ ಓಣಿಯ ಹೆಂಗಸರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಪ್ಯಾಂಟುಗಳ ಉಳಿದ ದಾರ ಕತ್ತರಿಸುತ್ತಾರೆ. ಅಲ್ಲಿ ಒಬ್ಬರ ಪಾಲಿಗೆ ಒಂದೇ ಕೆಲಸ. ಜೇಬು ಕೂಡಿಸುವವರು ಒಬ್ಬರು, ಬೆಲ್ಟಿನ ಪಟ್ಟಿ ಹಚ್ಚುವವರು ಇನ್ನೊಬ್ಬರು, ಜಿಪ್ಪು ಮತ್ತೊಬ್ಬರದು, ದಾರ ಇವರದು. ಇಡೀ ಪ್ಯಾಂಟು ಯಾರೊಬ್ಬರದೂ ಅಲ್ಲ. ಬಂಡಲು ಬರುತ್ತದೆ, ಸಂಜೆಗೆ ಹೋಗುತ್ತದೆ, ಎಣಿಸಿ ದುಡ್ಡು ಕೊಡುತ್ತಾರೆ. ಎದುರುಮನೆಯವಳು ಒಮ್ಮೆ ನನಗೆ, "ನಿಂದು ಯಾವಾಗ್ಲೂ ಅರ್ಧ ಇರ್ತೈತೆ ಅಕ್ಕಾ, ನಂದು ದಿನಾ ಮುಗೀತೈತೆ" ಎಂದಳು. ಅವಳು ಹೇಳಿದ್ದು ಖರೆ. ಆದರೆ ಅವಳಿಗೆ ಅರ್ಧ ಬಿಡುವ ಹಕ್ಕೇ ಇಲ್ಲ, ಏಕೆಂದರೆ ಪೂರ್ತಿಯಾಗುವಂಥದ್ದು ಏನೂ ಅವಳ ಕೈಗೆ ಬರುವುದಿಲ್ಲ. ನನ್ನ ಟ್ರಂಕಿನ ಮೇಲಿನ ರಾಶಿ ಒಂದು ರೀತಿಯಲ್ಲಿ ನನ್ನ ಅನುಕೂಲದ ಗುರುತು. ಅದನ್ನು ಮರೆತು ನನ್ನ ತೊಂದರೆಯನ್ನು ದೊಡ್ಡದು ಮಾಡಿ ಹೇಳಬಾರದು.

ಇಷ್ಟಾದರೂ ಹಲವು ಕೆಲಸ ಹಿಡಿಯುವುದೇ ತಪ್ಪು ಎಂದು ನಾನು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಬೇಳೆ ಕುದಿಯುವಾಗ ರೊಟ್ಟಿ ಬಡಿಯದೆ ಸುಮ್ಮನೆ ನಿಂತವರುಂಟೆ? ಬ್ಲೌಸಿಗೆ ಹಗಲ ಬೆಳಕು ಬೇಕು, ಮನಸ್ಸು ಪೂರ್ತಿ ಅಲ್ಲಿರಬೇಕು. ಒಮ್ಮೆ ಕತ್ತರಿ ಹಾಕಿದರೆ ಹಿಂದಕ್ಕೆ ಹೋಗುವಂತಿಲ್ಲ. ಫಾಲ್ ಹಚ್ಚುವಾಗ ಮಾತಾಡಬಹುದು. ಕೌದಿಯಂತೂ ಬಿಡುವು ಸಿಕ್ಕಷ್ಟರಲ್ಲೇ ಬೆಳೆಯುವ ವಸ್ತು. ಹಳೆ ಸೀರೆಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಒಂದರ ಮೇಲೊಂದು ಪದರ ಇಟ್ಟು, ಅಲುಗಾಡದಂತೆ ಉದ್ದುದ್ದ ಟಾಕಿ ಹಾಕಿಕೊಳ್ಳುತ್ತೇವೆ. ಮೇಲೆ ಬಣ್ಣಬಣ್ಣದ ತುಂಡು ಕೂಡಿಸುತ್ತೇವೆ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬರುವ ಸಣ್ಣ ನೇರ ಹೊಲಿಗೆ. ಈ ಹೊಲಿಗೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹಾಲು ಉಕ್ಕಿತೆಂದು ಎದ್ದರೆ ಸೂಜಿ ಚುಚ್ಚಿಟ್ಟು ಹೋಗಬಹುದು, ಬಂದು ಅಲ್ಲಿಂದಲೇ ಹಿಡಿಯಬಹುದು. ಒಂದು ದಿನ ಬಿಟ್ಟರೂ ಒಂದು ವರ್ಷ ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಯಾರ ದಿನ ಇಪ್ಪತ್ತು ಕಡೆ ತುಂಡಾಗುತ್ತದೋ ಅಂಥವರು ಕಂಡುಕೊಂಡ ಹೊಲಿಗೆ ಇದು. ಚಿಂದಿ ಬಟ್ಟೆಯಂತೆ ಚಿಂದಿ ಹೊತ್ತೂ ಅದಕ್ಕೆ ಸಾಕು.

ನಾನು ಎಡವಿದ್ದೂ ಇಲ್ಲಿಯೇ. ಯಾವುದು ದೂರದೆ ಕಾಯುತ್ತದೋ ಅದನ್ನೇ ನಾವು ಕಾಯಿಸುತ್ತೇವೆ. ಮದುವೆ ಬ್ಲೌಸಿಗೆ ಲಗ್ನಪತ್ರಿಕೆಯಲ್ಲಿ ತಾರೀಖು ಅಚ್ಚಾಗಿರುತ್ತದೆ. ಹುಟ್ಟುವ ಕೂಸಿಗೆ ಡಾಕ್ಟರು ತಾರೀಖು ಕೊಟ್ಟಿರುತ್ತಾರೆ. ಎಪ್ಪತ್ತೆಂಟು ವರ್ಷದ ದೊಡ್ಡವ್ವನಿಗೆ ಯಾವ ತಾರೀಖೂ ಇರಲಿಲ್ಲ. ಇದ್ದ ಒಂದು ತಾರೀಖನ್ನು ಯಾರೂ ಬಾಯಿಬಿಟ್ಟು ಹೇಳುವಂಥದ್ದಲ್ಲ. ಆಕೆ ಸಿಟ್ಟಾಗುವವಳೂ ಅಲ್ಲ. ಹೀಗಾಗಿ ಪ್ರತಿ ತಿಂಗಳೂ ಯಾವ ಲೆಕ್ಕ ಹಾಕಿದರೂ ಆಕೆಯ ಕೌದಿ ಕೊನೆಗೆ ಬರುತ್ತಿತ್ತು. ಪ್ರತಿ ಸಲದ ಲೆಕ್ಕವೂ ಸರಿಯಾಗೇ ಇತ್ತು. ಸರಿಯಾದ ಲೆಕ್ಕಗಳನ್ನೇ ಮೂರು ವರ್ಷ ಕೂಡಿಸಿದರೆ ಬಂದ ಉತ್ತರ ಮಾತ್ರ ತಪ್ಪಾಗಿತ್ತು.

ದೊಡ್ಡಪ್ಪ ತೀರಿಕೊಂಡ ಮೇಲೆ ಆಕೆ ಒಂದು ಗಂಟು ಕೊಟ್ಟಿದ್ದಳು. ಅವರ ಐದು ಪಂಚೆ, ತನ್ನ ನಾಲ್ಕು ಹತ್ತಿಯ ಇಳಕಲ್ ಸೀರೆ. "ಎಲ್ಲಾ ಸೇರಿಸಿ ಒಂದು ಕೌದಿ ಮಾಡಿಕೊಡವ್ವಾ, ಚಳಿಗಾಲಕ್ಕ ಹೊದ್ದಕೋತೀನಿ" ಎಂದಿದ್ದಳು. ಅರ್ಧ ಹೊಲಿದು ಇಟ್ಟೆ. ಮೂರು ಚಳಿಗಾಲ ಹೋದವು. (ಬಳ್ಳಾರಿ ಸೀಮೆಯಲ್ಲಿ ಚಳಿಗಾಲವೆಂದರೆ ಎಷ್ಟು, ನಾಲ್ಕು ದಿನ ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು.)

ಮೇ ತಿಂಗಳಲ್ಲಿ ಕೂಸಿನ ಕೌದಿಗೆ ಒಳಪದರ ಸಾಲದೆ ಬಂತು. ಈಗ ಹಳೆ ಬಟ್ಟೆಗೇನೂ ಬರವಿಲ್ಲ, ಹಳೆ ಹತ್ತಿಬಟ್ಟೆಗೆ ಬರ. ಮನೆಮನೆಯಲ್ಲಿ ಬೀರು ತುಂಬ ಸೀರೆ ಇವೆ, ಬಹುಪಾಲು ಪಾಲಿಯೆಸ್ಟರ್. ಅವು ಪದರದಲ್ಲಿ ನಿಲ್ಲದೆ ಜಾರುತ್ತವೆ, ಬೆವರು ಹೀರುವುದಿಲ್ಲ, ಎಳೆಕೂಸಿನ ಮೈಗೆ ಆಗುವುದಿಲ್ಲ. ಜೀನ್ಸ್ ತುಂಡಂತೂ ಕೌದಿಗೆ ಕೈಯಲ್ಲಿ ಸೂಜಿ ಇಳಿಸಲಿಕ್ಕೇ ಒರಟು. ನೂರು ಸಲ ಒಗೆದ ಹತ್ತಿಯ ಮೆತ್ತಗಿನ ಗುಣವನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಅದಕ್ಕೆ ಯಾರೋ ಒಬ್ಬರು ಅಷ್ಟು ವರ್ಷ ಉಟ್ಟಿರಬೇಕು. ದೊಡ್ಡವ್ವನ ಗಂಟಿನಲ್ಲಿ ಇನ್ನೂ ಕೂಡಿಸದೆ ಉಳಿದಿದ್ದ ಒಂದು ಪಂಚೆ ಇತ್ತು. ಕರಿ ಅಂಚಿನದು, ಹತ್ತಿಯ ಹೂವಿನಷ್ಟು ಮೆತ್ತಗೆ. ತೆಗೆದುಕೊಂಡೆ. ಅಂಚು ಹರಿದು ಬದಿಗಿಟ್ಟು, ನಡುಭಾಗವನ್ನು ಕೂಸಿನ ಕೌದಿಯ ಒಳಗೆ ಹಾಕಿ ಸುತ್ತ ಹೊಲಿದುಬಿಟ್ಟೆ. ಒಳಪದರ ಯಾರಿಗೂ ಕಾಣುವುದಿಲ್ಲ. ಎರಡು ವಾರದಲ್ಲಿ ಹೆಣ್ಣುಕೂಸು ಹುಟ್ಟಿತು. ಕೌದಿ ಹೊತ್ತಿಗೆ ಸರಿಯಾಗಿ ಸಿರುಗುಪ್ಪ ಮುಟ್ಟಿತು. ಎಲ್ಲರೂ ಹೊಗಳಿದರು.

ಜುಲೈನಲ್ಲಿ ಯಾವುದೋ ಕಾರ್ಯಕ್ಕೆ ಕುರುಗೋಡಿಗೆ ಹೋದಾಗ, ಇನ್ನು ತಡ ಬೇಡವೆಂದು ದೊಡ್ಡವ್ವನಿಗೆ ತೋರಿಸಲು ಅರ್ಧ ಕೌದಿಯನ್ನೇ ಒಯ್ದೆ. ಆಕೆ ಕಣ್ಣಿಗಿಂತ ಹೆಚ್ಚು ಬೆರಳಿನಿಂದ ನೋಡಿದಳು. ಒಂದೊಂದೇ ತುಂಡು ಮುಟ್ಟಿ, ಇದು ಮಗನ ಲಗ್ನದಾಗ ಉಟ್ಟಿದ್ದು, ಇದು ದೊಡ್ಡ ಬಸವೇಶ್ವರನ ತೇರಿಗೆ ತಂದಿದ್ದು ಎಂದು ಹೇಳುತ್ತ ಹೋದಳು. ಆಮೇಲೆ ಕೇಳಿದಳು, "ಕರಿ ಅಂಚಿನ ಪಂಚೆ ಎಲ್ಲೈತೆ?"

"ಒಳಗೈತೆ" ಎಂದೆ.

ನೋಡಿ, ಅದು ಸುಳ್ಳೂ ಅಲ್ಲ. ಒಳಗೇ ಇತ್ತು, ಬೇರೆ ಕೌದಿಯ ಒಳಗೆ. ಬಿಚ್ಚದೆ ಯಾರೂ ಪರೀಕ್ಷೆ ಮಾಡಲಾರರು. ಮರಳಿ ಬರುವಾಗ ಬಸ್ಸಿನಲ್ಲಿ ಆ ಒಂದು ಮಾತಿನ ಜಾಣತನವೇ ನನ್ನನ್ನು ಕೊರೆಯತೊಡಗಿತು.

ನನ್ನ ಪರವಾಗಿ ನಾನೇ ವಾದಿಸಿ ನೋಡಿದೆ. ಸತ್ತವರ ಪಂಚೆ, ಹುಟ್ಟಿದವರ ಮೈ ಕೆಳಗೆ ಬಂದಿದೆ, ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು? ದೊಡ್ಡವ್ವನಿಗೆ ನಷ್ಟವೇನು? ಕೌದಿ ಒಂದು ಪದರ ತೆಳುವಾದೀತು, ಅಷ್ಟೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಈ ಕೊನೆಯ ವಾದ ಎಲ್ಲಕ್ಕಿಂತ ಸವಿಯಾಗಿತ್ತು. ಕೇಳಿದ್ದರೆ ಕೊಡುತ್ತಿದ್ದಳು ಎಂದುಕೊಂಡ ಮೇಲೆ ಕೇಳುವ ಕಷ್ಟವೂ ಇಲ್ಲ, ಕದ್ದ ಭಾರವೂ ಇಲ್ಲ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ತಲೆಮಾರುಗಳಿಂದ ಹಳೆ ಬಟ್ಟೆಯಲ್ಲಿ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್‌ನ, ಆಮೇಲೆ ನ್ಯೂಯಾರ್ಕಿನ ಮ್ಯೂಸಿಯಮ್ಮುಗಳ ಗೋಡೆ ಏರಿದವು. 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಅವುಗಳಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಹೊಲಿದದ್ದೊಂದಿದೆ. ಗಂಡ ತೀರಿಕೊಂಡ ಮೇಲೆ ಅವನು ಹೊಲಗೆಲಸಕ್ಕೆ ಹಾಕುತ್ತಿದ್ದ ಅಂಗಿ, ಪ್ಯಾಂಟುಗಳನ್ನೇ ಹರಿದು ಕೂಡಿಸಿದ ಕೌದಿ. ಅವನ ನೆನಪಿನ ಕೆಳಗೆ ಮಲಗಬೇಕೆಂಬುದು ಆಕೆಯ ಆಸೆಯಾಗಿತ್ತು ಎಂದು ಮಗಳು ಮುಂದೆ ಹೇಳಿದ್ದಾಳೆ. ಅದರ ಚಿತ್ರ ನೋಡಿದಾಗ ನನಗೆ ಮೊದಲು ಹೊಳೆದದ್ದು ಕಲೆಯಲ್ಲ. ಆ ರಾಶಿಯಿಂದ ಅಕ್ಕಪಕ್ಕದ ಯಾವಳೋ ಒಬ್ಬಳು ಒಂದು ತೋಳನ್ನು ತೆಗೆದುಕೊಂಡು ಹೋಗಿದ್ದರೆ? ಬಟ್ಟೆಯ ಲೆಕ್ಕದಲ್ಲಿ ಒಂದು ತೋಳು. ಆಕೆಯ ಲೆಕ್ಕದಲ್ಲಿ ಏನಾಗಿರುತ್ತಿತ್ತು?

ನಮ್ಮ ಕಡೆಯ ಒಂದು ಕತೆ ಎಲ್ಲರಿಗೂ ಗೊತ್ತು. ಆಯ್ದಕ್ಕಿ ಮಾರಯ್ಯ ದಿನವೂ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಶಾಲೆಯಲ್ಲಿ ಇದನ್ನು ದುರಾಸೆಯ ವಿರುದ್ಧದ ಪಾಠವಾಗಿ ಓದಿದ್ದೆವು. ನನಗೀಗ ಕಾಡುವುದು ಹೆಚ್ಚುವರಿ ಎಂದರೇನು ಎಂಬುದು. ಆ ಅಕ್ಕಿಯೂ ಬಿದ್ದದ್ದೇ, ಯಾರ ಕಣಜದಿಂದಲೂ ಕದ್ದದ್ದಲ್ಲ. ಆದರೂ ಲಕ್ಕಮ್ಮನಿಗೆ ಅದು ನಾಳೆಯದೋ ಇನ್ನೊಬ್ಬರದೋ ಆಗಿ ಕಂಡಿತು. ನಾನು ಒಪ್ಪಿಕೊಂಡ ಐದು ಕೆಲಸಗಳಲ್ಲಿ ನಾಲ್ಕನೆಯದು, ಐದನೆಯದು ಆ ಅಕ್ಕಿಯಂಥವೇ. ಬೇಡ ಎನ್ನಲಾರದೆ ಒಪ್ಪಿಕೊಂಡೆ. ಅದು ಒಳ್ಳೆಯತನ ಎಂದುಕೊಂಡಿದ್ದೆ. ಬೇಡ ಎನ್ನದೆ ಉಳಿಸಿಕೊಂಡ ಒಳ್ಳೆಯ ಹೆಸರಿನ ಖರ್ಚನ್ನು ಮಾತ್ರ ದೊಡ್ಡವ್ವ ಹೊತ್ತಿದ್ದಳು. ಮೊದಲು ಆಕೆಯ ಹೊತ್ತು ತೆಗೆದು ಬೇರೆಯವರಿಗೆ ಕೊಟ್ಟೆ, ಅದಕ್ಕೆ ಯಾರೂ ಕಳವು ಎನ್ನಲಿಲ್ಲ, ನಾನೂ ಅನ್ನಲಿಲ್ಲ. ಮೂರು ವರ್ಷ ಹಾಗೆ ರೂಢಿಯಾದ ಕೈಗೆ ಪಂಚೆ ತೆಗೆಯುವುದು ದೊಡ್ಡದೆನಿಸಲಿಲ್ಲ.

ಆಗಸ್ಟಿನ ಒಂದು ಭಾನುವಾರ ಕುರುಗೋಡಿಗೆ ಹೋಗಿ ಹೇಳಿದೆ. ಹರಿದಿಟ್ಟಿದ್ದ ಕರಿ ಅಂಚಿನ ಪಟ್ಟಿಯನ್ನು ಕೈಯಲ್ಲಿ ಕೊಟ್ಟೆ. ದೊಡ್ಡವ್ವ ಅದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಹಳ ಹೊತ್ತು ಕೂತಳು.

"ಕೂಸಿನ ಕೌದಿ ದಿನಾ ತೊಳೀತಾರಾ?"

"ತೊಳೀತಾರೆ."

"ಬಿಸಲಿಗೆ ಹಾಕ್ತಾರಾ?"

"ಹಾಕ್ತಾರೆ ದೊಡ್ಡವ್ವಾ."

ನನಗೆ ಸಮಾಧಾನವಾಗತೊಡಗಿತು. "ನಿನ್ನ ಕೇಳಿದ್ರೆ ನೀನು ಕೊಡ್ತಿದ್ದಿ, ಕೇಳಬೇಕಿತ್ತು ನಾನು" ಎಂದೆ.

"ಇಲ್ಲವ್ವಾ" ಎಂದಳು, ಸಿಟ್ಟಿಲ್ಲದೆ. "ಕೇಳಿದ್ರೆ ನಾ ಕೊಡ್ತಿರಲಿಲ್ಲ. ಬ್ಯಾರೆ ಯಾವುದಾದ್ರೂ ಕೊಡ್ತಿದ್ದೆ. ಅದನ್ನ ಕೊಡ್ತಿರಲಿಲ್ಲ."

ಇದಕ್ಕೆ ನಾನು ತಯಾರಾಗಿ ಹೋಗಿರಲಿಲ್ಲ. ಮುದುಕಿ ಕಣ್ಣೀರಿಟ್ಟು, ಕೂಸಿಗೆ ಹೋಯ್ತಲ್ಲ ಬಿಡು ಎನ್ನುತ್ತಾಳೆ ಎಂಬ ಒಂದು ಚಿತ್ರವನ್ನು ಬಸ್ಸಿನಲ್ಲೇ ಬರೆದುಕೊಂಡು ಹೋಗಿದ್ದೆ. ಆ ಚಿತ್ರದಲ್ಲಿ ಆಕೆಗೆ ಬೇಡ ಎನ್ನುವ ಬಾಯಿ ಇರಲೇ ಇಲ್ಲ. ಪಂಚೆ ಹಿಂದಕ್ಕೆ ತರಲೇ, ಕೂಸಿನ ಕೌದಿ ಬಿಚ್ಚಲೇ ಎಂದು ಕೇಳಿದೆ. "ಮಲಗಿರೋ ಕೂಸಿನ ಕೆಳಗಿಂದ ಜಗ್ತಾರೇನು?" ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸಲಿಲ್ಲ ಎಂದೂ ಅನ್ನಲಿಲ್ಲ. ಅರ್ಧ ಕೌದಿಯನ್ನು ಮಾತ್ರ ತಿರುಗಿ ಬಳ್ಳಾರಿಗೆ ಒಯ್ಯಗೊಡಲಿಲ್ಲ. "ಇಲ್ಲೇ ಇರಲಿ. ನೀನು ಬಂದಾಗ ಹೊಲಿ. ನನ್ನ ಕಣ್ಣೆದುರಿಗೆ ಹೊಲಿ."

ಅಂದಿನಿಂದ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಕುರುಗೋಡಿಗೆ ಹೋಗುತ್ತಿದ್ದೇನೆ. ಆಕೆ ಸೂಜಿಗೆ ದಾರ ಪೋಣಿಸಲಾರಳು, ನಾನು ಆರೇಳು ಸೂಜಿಗೆ ಪೋಣಿಸಿ ಇಡುತ್ತೇನೆ. ಇಬ್ಬರೂ ಎದುರುಬದುರು ಅಂಚಿನಿಂದ ಹೊಲಿಯುತ್ತೇವೆ. ಆಕೆಯ ಹೊಲಿಗೆ ವಕ್ರ, ನನ್ನದು ನೇರ. ಸರಿಪಡಿಸಲು ಹೋಗುವುದಿಲ್ಲ. ಕರಿ ಅಂಚಿನ ಪಟ್ಟಿಯನ್ನು ಮೇಲೆ ಹಚ್ಚೋಣವೇ ಎಂದರೆ ಇನ್ನೂ ಬೇಡ ಎನ್ನುತ್ತಾಳೆ. ಅದು ಆಕೆಯ ದಿಂಬಿನ ಕೆಳಗಿದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು ಹಚ್ಚುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಗದು ಅವರಿಗೆ. ನಮ್ಮ ಮನೆಯಲ್ಲಿ ಕೊನೆಯ ಹೊಲಿಗೆಗೆ ಮುಂಚೆ ಒಳಗೆ ನಾಲ್ಕು ಅಕ್ಕಿಕಾಳು ಹಾಕುವ ರೂಢಿ, ಕೌದಿ ಹಸಿದಿರಬಾರದೆಂದು. ಆ ಅಕ್ಕಿಯನ್ನು ಸಿರುಗುಪ್ಪದಿಂದ, ಕೂಸಿನ ಮನೆಯಿಂದಲೇ ತರಬೇಕೆಂದು ದೊಡ್ಡವ್ವ ಈಗಾಗಲೇ ಹೇಳಿಟ್ಟಿದ್ದಾಳೆ.

ಭಾನುವಾರಗಳು ಹೋದದ್ದರಿಂದ ಇಲ್ಲಿಯ ಕೆಲಸ ಹಿಂದೆ ಬಿದ್ದಿದೆ. ನಿನ್ನೆ ಒಬ್ಬರು ಬ್ಲೌಸು ಕೇಳಿ ಫೋನ್ ಮಾಡಿದ್ದರು. "ಕೈಯಲ್ಲಿದೆ" ಎನ್ನಲು ಬಾಯಿ ತೆರೆದವಳು, "ಇನ್ನೂ ಕತ್ತರಿಸಿಲ್ಲ, ಬೇರೆಯವರಿಗೆ ಕೊಡುವುದಾದರೆ ಬಟ್ಟೆ ಒಯ್ಯಿರಿ" ಎಂದೆ. ಅವರಿಗೆ ಬೇಜಾರಾಯಿತು. ಇವತ್ತು ಮಧ್ಯಾಹ್ನ ಬಂದು ಒಯ್ದರು.