ಮುಡಿಪು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಕೂಲಿ ಮಗ್ಗ ಇದ್ದವು, ದೇವರ ಗೂಡಿನಲ್ಲಿ ಒಂದು ಮುಡಿಪು. ಅರಿಶಿನದಲ್ಲಿ ಅದ್ದಿದ ಅಂಗೈಯಗಲದ ಬಟ್ಟೆ. ಶನಿವಾರದ ಬಟವಾಡೆ ಕೈಗೆ ಬಂದಾಗಲೆಲ್ಲ ಅಮ್ಮ ಅದರೊಳಗೆ ತಿರುಪತಿ ತಿಮ್ಮಪ್ಪನ ಹೆಸರಲ್ಲಿ ನಾಲ್ಕಾಣೆ ಹಾಕಿ ಗಂಟು ಬಿಗಿಯುತ್ತಿದ್ದಳು. ಒಂದು ವಾರ ಕರೆಂಟಿಲ್ಲದೆ ಮಗ್ಗ ನಿಂತು ಅಕ್ಕಿಗೂ ದುಡ್ಡಿರಲಿಲ್ಲ. ನಾನು ಗೂಡಿನ ಕಡೆ ನೋಡಿದೆ. "ಅದು ನಮ್ಮನೇಲೈತೆ ಕಣೋ, ನಮ್ಮದಲ್ಲ" ಅಂದು ಪಕ್ಕದ ಮನೆಯಿಂದ ಎರಡು ಪಾವು ಸಾಲ ತಂದಳು.

ಆ ಮಾತು ಮತ್ತೆ ನೆನಪಾದದ್ದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ. ಅನ್ನ ಬಿಟ್ಟು ದೇಹ ತೊರೆಯುವ ಸಲ್ಲೇಖನ ವ್ರತ ಕೈಗೊಂಡ ಜೈನ ಮುನಿಗಳು, ಕಂತಿಯರು ಸತ್ತರೆಂದು ಅಲ್ಲಿನ 7ನೇ ಶತಮಾನದ ಹಲವು ಬಂಡೆಶಾಸನಗಳು ಹೇಳುವುದಿಲ್ಲ. 'ನೋಂತು ಮುಡಿಪಿದರ್' ಅನ್ನುತ್ತವೆ. ವ್ರತ ಹಿಡಿದು ಮುಗಿಸಿದರು. 'ನೋನ್' ಎಂಬ ಕ್ರಿಯಾಪದ ಹೋಯಿತು. ಅದರ ಕೂಸು ನೋಂಪಿ ಜೈನರ ಮನೆಗಳಲ್ಲಿ ಉಳಿದಿದೆ. ಕ್ರಿಯಾಪದವಾಗಿ 'ಮುಡಿಪು' ಕೂಡ ಹೋಯಿತು. ಅದರ ತಮಿಳು ದಾಯಾದಿ ಮಾತ್ರ ಇನ್ನೂ ದುಡಿಯುತ್ತಿದೆ: ನಮ್ಮ ಬೀದಿಯ ತಮಿಳು ಮೇಸ್ತ್ರಿ ಗಾರೆ ಕೆಲಸ ಮುಗಿಸಿ 'ಮುಡಿಂಜಿಚ್ಚು' ಅಂತ ಕೈ ತೊಳೆಯುತ್ತಾರೆ.

ಸಾಯುವುದು ಆಗುವಂಥದ್ದು, ಮುಡಿಪುವುದು ಮಾಡುವಂಥದ್ದು. ಹಾಸಿನ ನೂಲು ಕಿತ್ತು ಮಗ್ಗ ನಿಲ್ಲುವುದಕ್ಕೂ, ಸೆರಗು ಮುಗಿಸಿ ಸೀರೆ ಕೊಯ್ದು ಇಳಿಸುವುದಕ್ಕೂ ಇರುವಷ್ಟು ಅಂತರ. ಗಂಟಿನ ಮುಡಿಪಿಗೂ ಶಾಸನದ ಮುಡಿಪಿಗೂ ಬೇರು ಒಂದೇ ಎಂದು ನಾನು ಹಟ ಹಿಡಿಯುವುದಿಲ್ಲ. ನಡೆಯುವ ಕೆಲಸ ಮಾತ್ರ ಒಂದೇ: ಕೈಲಿರುವಾಗಲೇ 'ನನ್ನದು' ಎಂಬುದನ್ನು ಬಿಡುವುದು. ದುಡ್ಡು ಮನೆಯಲ್ಲಿದೆ, ಖರ್ಚಿಗಿಲ್ಲ. ಮೈಯಲ್ಲಿ ಉಸಿರಿದೆ, ಅನ್ನ ಕೇಳುತ್ತಿಲ್ಲ. ಕಸಿಯಲು ಬಂದ ಸಾವಿಗೆ ಅಲ್ಲಿ ಏನು ಸಿಕ್ಕೀತು?

ಅಮ್ಮ ಸತ್ತಳು. ಸಕ್ಕರೆ ಕಾಯಿಲೆ, ಮೊಮ್ಮಗಳ ಮದುವೆ ನೋಡುವ ಆಸೆ ಕೊನೆಯವರೆಗೂ ಇತ್ತು. ತಿಥಿ ಕಾರ್ಡಿನಲ್ಲಿ 'ದೈವಾಧೀನರಾದರು' ಎಂದು ಅಚ್ಚಾಯಿತು. ಗೂಡು ತೊಳೆಯುವಾಗ ಕೈಗೆ ಬಂದ ಮುಡಿಪಿನ ಬಟ್ಟೆ ನವೆದು, ಬಿಲ್ಲೆಗಳು ಇಣುಕುತ್ತಿದ್ದವು. ನಾಲ್ಕಾಣೆಯ ಚಲಾವಣೆ 2011ರಲ್ಲೇ ನಿಂತಿತ್ತು. ಯಾವ ಅಂಗಡಿಯಲ್ಲೂ ನಡೆಯುವಂತಿರಲಿಲ್ಲ. ಗಂಟು ಬಿಚ್ಚದೆ ತಿರುಮಲೆಯ ಹುಂಡಿಗೆ ಹಾಕಿ ಬಂದೆ. ಅಷ್ಟನ್ನು ಮಾತ್ರ ಅಮ್ಮ ಎಂದೋ ಮುಡಿಪಿದ್ದಳು.